ಪ್ರೀಸೀಸನ್‌ನಲ್ಲಿ ಮೂರು ಸೋಲು, ಆಡ್ಸ್ +1000: ಲಯನ್ಸ್ ಮೇಲೆ ದುಡ್ಡು ಕಟ್ಟಬಹುದಾ?

(ಇದು 2025ರ ಆಗಸ್ಟ್ ಕೊನೆಯಲ್ಲಿ, ಸೀಸನ್ ಶುರುವಾಗುವ ಮುನ್ನ ಬರೆದದ್ದು.)

ಪ್ರಶ್ನೆ: ಸರ್, ನಾನು ಮಿಷಿಗನ್‌ನ ನೋವೈನಲ್ಲಿದ್ದೇನೆ. ಕಾರ್ ಕಂಪನಿಯೊಂದರಲ್ಲಿ ಎಂಜಿನಿಯರ್. ಆಫೀಸಿನವರ ಸಹವಾಸದಲ್ಲಿ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಡೆಟ್ರಾಯ್ಟ್ ಲಯನ್ಸ್ ಹುಚ್ಚು ಹತ್ತಿಬಿಟ್ಟಿದೆ. ಹೋದ ಸೀಸನ್‌ನಲ್ಲಿ 15 ಗೆದ್ದು ಎರಡೇ ಸೋತಿದ್ದ ತಂಡ ಈ ಸಲದ ಪ್ರೀಸೀಸನ್‌ನಲ್ಲಿ (ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳಲ್ಲಿ) ನಾಲ್ಕಕ್ಕೆ ಮೂರು ಸೋತಿದೆ. ಆದರೂ ಸಹೋದ್ಯೋಗಿಯ ಫೋನಿನಲ್ಲಿ ಸೂಪರ್ ಬೌಲ್ (ಲೀಗಿನ ಫೈನಲ್) ಗೆಲ್ಲೋಕೆ +1000 ಅಂತ ಆಡ್ಸ್ (ಬಾಜಿಯ ದರ) ತೋರಿಸ್ತಿದೆ. ಇದು ಒಳ್ಳೆ ರೇಟಾ? ನೂರು ಡಾಲರ್ ಕಟ್ಟಬಹುದಾ? ದಾವಣಗೆರೆಯಲ್ಲಿರೋ ಬಾಮೈದ ಬೇರೆ ‘ಆರ್‌ಸಿಬಿ ಗೆದ್ದಾಯ್ತು ಭಾವ, ಈಗ ನಿಮ್ಮ ಲಯನ್ಸ್ ಸರದಿ, ನಂದೂ ಐದು ಸಾವಿರ ಸೇರಿಸಿ ಕಟ್ಟಿ’ ಅಂತಿದ್ದಾನೆ.

ಉತ್ತರ: ಮೊದಲು ಆ ಮೂರು ಸೋಲುಗಳನ್ನು ಮರೆತುಬಿಡಿ. ಅವುಗಳಿಗೂ ನಿಮ್ಮ ನೂರು ಡಾಲರಿಗೂ ಸಂಬಂಧ ಇಲ್ಲ.

ಜುಲೈ 31ರಂದು ಒಹಾಯೋದ ಕ್ಯಾಂಟನ್‌ನಲ್ಲಿ ಚಾರ್ಜರ್ಸ್ ವಿರುದ್ಧ 34–7ರಲ್ಲಿ ಸೋತಿದ್ದು ನೋಡೋಕೆ ಕೆಟ್ಟದಾಗಿತ್ತು, ನಿಜ. ಆದರೆ ಅಲ್ಲಿ ಆಡಿದ್ದು ಯಾರು? ಪ್ರೀಸೀಸನ್ ಹೊತ್ತಿಗೆ ಒಂದು ಎನ್‌ಎಫ್‌ಎಲ್ (ಅಮೆರಿಕದ ಫುಟ್‌ಬಾಲ್ ಲೀಗ್) ತಂಡದ ಹತ್ತಿರ 90 ಆಟಗಾರರು ಇರುತ್ತಾರೆ. ಆಗಸ್ಟ್ 26ಕ್ಕೆ ಅದನ್ನು 53ಕ್ಕೆ ಇಳಿಸಬೇಕಿತ್ತು. ಆ ಪಂದ್ಯಗಳು ನಡೆಯೋದೇ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಅಂತ ನೋಡೋಕೆ. ಆ ಪಂದ್ಯಗಳಲ್ಲಿ ಲಯನ್ಸ್ ಪರ ಚೆಂಡು ಎಸೆದ ಹೆಂಡನ್ ಹುಕರ್‌ನನ್ನು ಕೊನೆಗೆ ತಂಡದಿಂದಲೇ ಕೈಬಿಟ್ಟರು. ಚೆಂಡು ಎಸೆದು ಆಟ ನಡೆಸುವ ಮುಖ್ಯ ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್‌ನನ್ನು ಇಂಥ ಪಂದ್ಯದಲ್ಲಿ ಇಳಿಸಿ ಮಂಡಿ ಮುರಿಸಿಕೊಳ್ಳೋಕೆ ಯಾವ ಕೋಚ್‌ಗೂ ಇಷ್ಟ ಇರುವುದಿಲ್ಲ. ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಕೂಡ ತನ್ನ ಮುಖ್ಯ ಆಟಗಾರರನ್ನು ಬೆಂಚಿನ ಮೇಲೇ ಕೂರಿಸುವ ಪೈಕಿ.

ಸಾಕ್ಷಿ ಬೇಕಾದರೆ ನಿಮ್ಮ ತಂಡದ ಚರಿತ್ರೆಯಲ್ಲೇ ಇದೆ. 2008ರ ಆಗಸ್ಟ್‌ನಲ್ಲಿ ಲಯನ್ಸ್ ಪ್ರೀಸೀಸನ್‌ನ ನಾಲ್ಕೂ ಪಂದ್ಯ ಗೆದ್ದಿತ್ತು. ಆಮೇಲೆ ನಿಜವಾದ ಸೀಸನ್‌ನಲ್ಲಿ 16ಕ್ಕೆ 16 ಸೋತಿತು. ಒಂದೂ ಗೆಲ್ಲದೆ 16 ಪಂದ್ಯದ ಸೀಸನ್ ಮುಗಿಸಿದ ಮೊದಲ ತಂಡ ಅದು. 2017ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕೂಡ ಅದೇ ಕಥೆ. ಪ್ರೀಸೀಸನ್‌ನಲ್ಲಿ ನಾಲ್ಕಕ್ಕೆ ನಾಲ್ಕು, ಸೀಸನ್‌ನಲ್ಲಿ ಸೊನ್ನೆಗೆ 16. ಬುಕ್ಕಿಗಳಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಮೂರು ಸೋಲಾದರೂ ಆಡ್ಸ್ ಅಲ್ಲಾಡಲಿಲ್ಲ.

ಹಾಗಾದರೆ ಆಡ್ಸ್ ಯಾವುದಕ್ಕೆ ಅಲ್ಲಾಡುತ್ತದೆ? ಮೊನ್ನೆ ಆಗಸ್ಟ್ 28ರಂದು ಡಲ್ಲಾಸ್ ಕೌಬಾಯ್ಸ್‌ನವರು ಮೈಕಾ ಪಾರ್ಸನ್ಸ್‌ನನ್ನು ಗ್ರೀನ್ ಬೇ ಪ್ಯಾಕರ್ಸ್‌ಗೆ ಕೊಟ್ಟುಬಿಟ್ಟರು. ಬದಲಿಗೆ ಡ್ರಾಫ್ಟ್‌ನಲ್ಲಿ (ಕಾಲೇಜಿನಿಂದ ಬರುವ ಹೊಸಬರನ್ನು ತಂಡಗಳು ಆರಿಸಿಕೊಳ್ಳುವಾಗ) ಎರಡು ಮೊದಲ ಸುತ್ತಿನ ಅವಕಾಶ ಮತ್ತು ಆಟಗಾರ ಕೆನ್ನಿ ಕ್ಲಾರ್ಕ್. ಕ್ವಾರ್ಟರ್‌ಬ್ಯಾಕ್‌ನನ್ನು ಅಟ್ಟಿಸಿಕೊಂಡು ಹೋಗಿ ಬೀಳಿಸುವುದರಲ್ಲಿ ಪಾರ್ಸನ್ಸ್ ಈಗಿನ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬ. ಸುದ್ದಿ ಬಂದ ಕೂಡಲೇ ಪ್ಯಾಕರ್ಸ್ ರೇಟ್ ಇಳಿಯಿತು, ಅಂದರೆ ಅವರು ಗೆಲ್ಲುವ ಸಾಧ್ಯತೆ ಏರಿತು. ಪ್ಯಾಕರ್ಸ್ ಇರುವುದು ಲಯನ್ಸ್ ಇರುವ ನಾಲ್ಕು ತಂಡಗಳ ಗುಂಪಿನಲ್ಲೇ. ಸೆಪ್ಟೆಂಬರ್ 7ಕ್ಕೆ ನಿಮ್ಮ ಮೊದಲ ಪಂದ್ಯ ಅವರ ಊರಿನಲ್ಲೇ. ನೀವು ತಲೆ ಕೆಡಿಸಿಕೊಳ್ಳಬೇಕಾದ ಸುದ್ದಿ ಇದು.

ಇನ್ನು ತಂಡದ ವಿಚಾರ. 2024ರ ಲಯನ್ಸ್ ಸುಮ್ನೆ 15 ಗೆದ್ದ ತಂಡವಲ್ಲ. ಅದೇ ಸೀಸನ್‌ನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಕೂಡ 15–2. ಆದರೆ ಚೀಫ್ಸ್ ಗಳಿಸಿದ ಅಂಕಕ್ಕೂ ಬಿಟ್ಟುಕೊಟ್ಟ ಅಂಕಕ್ಕೂ ಇದ್ದ ವ್ಯತ್ಯಾಸ ಬರೀ 59. ಲಯನ್ಸ್‌ದು 222. ಒಟ್ಟು 564 ಅಂಕ ಹೊಡೆದು ಇಡೀ ಲೀಗಿನಲ್ಲಿ ಮೊದಲು ನಿಂತಿತ್ತು. ಒಂದು ತಂಡ ನಿಜಕ್ಕೂ ಎಷ್ಟು ಗಟ್ಟಿ ಅಂತ ತಿಳಿಯೋಕೆ ನಾನು ಗೆಲುವಿನ ಲೆಕ್ಕಕ್ಕಿಂತ ಈ ವ್ಯತ್ಯಾಸವನ್ನೇ ಜಾಸ್ತಿ ನಂಬುತ್ತೇನೆ. ಗಾಫ್ 37 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸಿ ಅಂಕ ಗಳಿಸುವುದು) ಪಾಸ್ ಎಸೆದ. ಜಾಮಿರ್ ಗಿಬ್ಸ್ ಓಡಿ, ಹಿಡಿದು ಸೇರಿಸಿ 20 ಟಚ್‌ಡೌನ್ ಮಾಡಿದ. ಇವರು, ಅಮೋನ್-ರಾ ಸೇಂಟ್ ಬ್ರೌನ್, ದೈತ್ಯ ಪೆನೆಯ್ ಸೂವೆಲ್ ಎಲ್ಲರೂ ಈ ಸಲವೂ ಇದ್ದಾರೆ. 2021ರಲ್ಲಿ ಕ್ಯಾಂಪ್‌ಬೆಲ್ ಬಂದಾಗ ಮೂರೇ ಗೆದ್ದಿದ್ದ ತಂಡ ಆಮೇಲೆ 9, 12, 15 ಅಂತ ಮೆಟ್ಟಿಲು ಹತ್ತಿದ್ದು ಗಾಳಿಯಲ್ಲಿ ಆಗಿದ್ದಲ್ಲ.

ಆದರೆ ನನಗೆ ಕಾಣುವ ತೊಂದರೆ ಎರಡು. ಅವು ಒಂದಕ್ಕೊಂದು ಅಂಟಿಕೊಂಡಿವೆ.

ಒಂದು, ತಲೆಗಳು ಹೋಗಿವೆ. ಅಫೆನ್ಸ್ (ಚೆಂಡು ಹಿಡಿದು ಮುನ್ನುಗ್ಗುವ ಪಡೆ) ನಡೆಸುತ್ತಿದ್ದ ಬೆನ್ ಜಾನ್ಸನ್ ಈಗ ಶಿಕಾಗೋ ಬೇರ್ಸ್‌ನ ಮುಖ್ಯ ಕೋಚ್. ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಪಡೆ) ನಡೆಸುತ್ತಿದ್ದ ಆರನ್ ಗ್ಲೆನ್ ನ್ಯೂಯಾರ್ಕ್ ಜೆಟ್ಸ್‌ನ ಮುಖ್ಯ ಕೋಚ್. ಒಂದೇ ಜನವರಿಯಲ್ಲಿ ಇಬ್ಬರನ್ನೂ ಕಳೆದುಕೊಳ್ಳುವುದು ಸಣ್ಣ ಮಾತಲ್ಲ. ಡಿಫೆನ್ಸ್‌ಗೆ ಬಂದಿರುವ ಕೆಲ್ವಿನ್ ಶೆಪರ್ಡ್ ಮನೆಯೊಳಗಿನವನೇ, ಲೈನ್‌ಬ್ಯಾಕರ್‌ಗಳ ಕೋಚ್ ಆಗಿದ್ದವನು. ಅಲ್ಲಿ ನನಗೆ ಅಷ್ಟು ಭಯ ಇಲ್ಲ. ಅಫೆನ್ಸ್‌ಗೆ ಬಂದಿರುವ ಜಾನ್ ಮಾರ್ಟನ್ 2022ರಲ್ಲಿ ಇಲ್ಲೇ ಕೆಲಸ ಮಾಡಿದ್ದಾನೆ, ಗಾಫ್‌ನ ಪರಿಚಯವೂ ಇದೆ. ಆದರೆ ಜಾನ್ಸನ್ ಕೈಚಳಕ ಬೇರೆ ಥರದ್ದು. ಎದುರಾಳಿ ಏನು ಯೋಚಿಸುತ್ತಿದ್ದಾನೆ ಅಂತ ಹಿಡಿದು, ಒಂದೇ ಥರ ಕಾಣುವ ಎರಡು ಆಟಗಳನ್ನು ಬೇರೆ ಬೇರೆ ಮಾಡಿ ತೋರಿಸುತ್ತಿದ್ದ. ಅದನ್ನು ಪುಸ್ತಕದಲ್ಲಿ ಬರೆದಿಟ್ಟು ಹೋಗೋಕೆ ಆಗುವುದಿಲ್ಲ. ಅದಕ್ಕಿಂತ ಜಾಸ್ತಿ, ಅವನೀಗ ನಿಮ್ಮದೇ ಗುಂಪಿನ ಎದುರಾಳಿ. ಸೆಪ್ಟೆಂಬರ್ 14ಕ್ಕೆ ನಿಮ್ಮ ಮನೆಯಂಗಳ ಫೋರ್ಡ್ ಫೀಲ್ಡ್‌ಗೇ ಬರುತ್ತಾನೆ. ಗಾಫ್‌ಗೆ ಯಾವುದು ಆಗಿಬರುವುದಿಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎರಡು, ಫ್ರ್ಯಾಂಕ್ ರಾಗ್ನೋ ಇಲ್ಲ. ಲಯನ್ಸ್‌ಗೆ ಏಳು ಸೀಸನ್ ಆಡಿದ ಸೆಂಟರ್, ಜೂನ್‌ನಲ್ಲಿ 29ನೇ ವಯಸ್ಸಿಗೇ ನಿವೃತ್ತಿ ಹೇಳಿಬಿಟ್ಟ. ಟೀವಿಯಲ್ಲಿ ನೋಡುವವರಿಗೆ ಸೆಂಟರ್ ಅಂದರೆ ಕಾಲ ಸಂದಿಯಿಂದ ಚೆಂಡು ಹಿಂದಕ್ಕೆ ಕೊಡುವವನು, ಅಷ್ಟೇ. ಆದರೆ ಚೆಂಡು ಕೊಡುವ ಮೊದಲಿನ ಕೆಲವು ಸೆಕೆಂಡುಗಳಲ್ಲಿ ಎದುರಾಳಿ ಎಲ್ಲಿಂದ ನುಗ್ಗುತ್ತಾನೆ ಅಂತ ಓದಿ, ಯಾರು ಯಾರನ್ನು ತಡೆಯಬೇಕು ಅಂತ ಕೂಗಿ ಹೇಳುವವನೂ ಅವನೇ. ಗಾಫ್ ಓಡಿ ತಪ್ಪಿಸಿಕೊಳ್ಳುವ ಆಟಗಾರನಲ್ಲ. ಎದುರಿಗೆ ಜಾಗ ಇದ್ದರೆ ಅವನಷ್ಟು ನಿಖರವಾಗಿ ಎಸೆಯುವವರು ಕಡಿಮೆ. ಮಧ್ಯದಿಂದಲೇ ಒತ್ತಡ ಬಂದರೆ ಅವನ ಆಟ ಕೆಡುತ್ತದೆ. ರಾಗ್ನೋ ಪಕ್ಕದಲ್ಲಿ ನಿಂತು ಎದುರಾಳಿಯನ್ನು ತಡೆಯುವ ಗಾರ್ಡ್ ಕೆವಿನ್ ಝೈಟ್ಲರ್ ಕೂಡ ಟೆನ್ನೆಸ್ಸಿಗೆ ಹೋದ. ಅಂದರೆ ಗಾಫ್ ಮುಂದಿನ ಮೂರು ಜನರ ಗೋಡೆಯೇ ಹೊಸದು. ಗಾರ್ಡ್ ಆಗಿದ್ದ ಗ್ರಹಾಂ ಗ್ಲಾಸ್ಗೋ ಸೆಂಟರ್‌ಗೆ ಸರಿದಿದ್ದಾನೆ. ಅವನ ಬಲಕ್ಕೆ ಈ ವರ್ಷವಷ್ಟೇ ಕಾಲೇಜಿನಿಂದ ಬಂದ ಟೇಟ್ ರ‍್ಯಾಟ್ಲಿಜ್. ಹೊಸ ಗೋಡೆ, ಹೊಸ ಆಟ ಕರೆಯುವವನು, ಎದುರಿಗೆ ಪಾರ್ಸನ್ಸ್. ಮೊದಲ ವಾರವೇ ಪರೀಕ್ಷೆ.

ಡಿಫೆನ್ಸ್‌ನಲ್ಲಿ ಒಳ್ಳೆ ಸುದ್ದಿ ಇದೆ. ಏಡನ್ ಹಚಿನ್ಸನ್ ವಾಪಸ್ ಬಂದಿದ್ದಾನೆ. ಹೋದ ಸೀಸನ್‌ನಲ್ಲಿ ಐದೇ ಪಂದ್ಯಗಳಲ್ಲಿ ಏಳೂವರೆ ಸ್ಯಾಕ್ (ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಬೀಳಿಸುವುದು) ಮಾಡಿ, ಅಕ್ಟೋಬರ್‌ನಲ್ಲಿ ಡಲ್ಲಾಸ್ ವಿರುದ್ಧ ಕಾಲು ಮುರಿದುಕೊಂಡಿದ್ದ. ಅವನು ಬಿದ್ದಮೇಲೆ ಒಬ್ಬರ ಹಿಂದೆ ಒಬ್ಬರು ಬಿದ್ದರು. ಜನವರಿಯಲ್ಲಿ ವಾಷಿಂಗ್ಟನ್ ಕಮಾಂಡರ್ಸ್ ಫೋರ್ಡ್ ಫೀಲ್ಡ್‌ನಲ್ಲೇ 45–31ಕ್ಕೆ ಸೋಲಿಸಿದಾಗ ಡಿಫೆನ್ಸ್‌ನಲ್ಲಿ ತೇಪೆ ಹಾಕಿದ ಜಾಗಗಳೇ ಜಾಸ್ತಿ. ಆ ರಾತ್ರಿ ಲಯನ್ಸ್ ಐದು ಸಲ ಚೆಂಡು ಕಳೆದುಕೊಂಡಿತು ಅನ್ನುವುದನ್ನೂ ಮರೆಯಬೇಡಿ. ಗಾಯಗಳೊಂದನ್ನೇ ದೂರಿದರೆ ಕಮಾಂಡರ್ಸ್‌ಗೆ ಅನ್ಯಾಯ.

ವೇಳಾಪಟ್ಟಿಯೂ ಕಷ್ಟದ್ದೇ. ಗುಂಪಿನಲ್ಲಿ ಮೊದಲು ಬಂದ ತಂಡಕ್ಕೆ ಮುಂದಿನ ವರ್ಷ ಬೇರೆ ಗುಂಪುಗಳ ವಿಜೇತರ ಜೊತೆ ಆಡುವ ಶಿಕ್ಷೆ ಇರುತ್ತದೆ. ಅದರ ಲೆಕ್ಕದಲ್ಲಿ ಚೀಫ್ಸ್, ರ‍್ಯಾಮ್ಸ್, ಬಕನೀರ್ಸ್. ಅದರ ಮೇಲೆ ಬಾಲ್ಟಿಮೋರ್ ಮತ್ತು ಫಿಲಡೆಲ್ಫಿಯಾಗೆ ಪ್ರಯಾಣ. ಈ ಎಲ್ಲ ಸೇರಿ ಬುಕ್ಕಿಗಳು ಲಯನ್ಸ್ ಎಷ್ಟು ಪಂದ್ಯ ಗೆಲ್ಲುತ್ತದೆ ಅನ್ನುವುದಕ್ಕೆ ಹಾಕಿರುವ ಗೆರೆ 10.5. ಹೋದ ಸಲ 15 ಗೆದ್ದ ತಂಡಕ್ಕೆ! ಅಭಿಮಾನಿಗಳಿಗೆ ಇದು ಅವಮಾನ ಅನ್ನಿಸಬಹುದು. ನನಗೆ ಸರಿಯಾಗೇ ಕಾಣುತ್ತದೆ. 15 ಗೆದ್ದ ತಂಡ ಮರುವರ್ಷ ಕೆಳಗಿಳಿಯುವುದೇ ಸಹಜ.

ಈಗ ನಿಮ್ಮ +1000ಕ್ಕೆ ಬರೋಣ. ಅಮೆರಿಕದ ಲೆಕ್ಕದಲ್ಲಿ ಪ್ಲಸ್ ಗುರುತಿನ ಸಂಖ್ಯೆ ಅಂದರೆ ನೂರು ಡಾಲರ್ ಕಟ್ಟಿದರೆ ಸಿಗುವ ಲಾಭ. ಗೆದ್ದರೆ 1000 ಲಾಭ, ಜೊತೆಗೆ ನಿಮ್ಮ 100 ವಾಪಸ್. ಬೆಂಗಳೂರಿನ ರೇಸ್ ಕೋರ್ಸಿಗೆ ಹೋಗಿದ್ದರೆ ‘10ಕ್ಕೆ 1’ ಅನ್ನುವುದು ಕೇಳಿರುತ್ತೀರಿ, ಅದೇ ಇದು. ಇದನ್ನು ಸಾಧ್ಯತೆಗೆ ತಿರುಗಿಸಬೇಕಾದರೆ 100ನ್ನು 1100ರಿಂದ ಭಾಗಿಸಿ. ನೂರಕ್ಕೆ ಒಂಬತ್ತು ಚಿಲ್ಲರೆ. ಅಂದರೆ ಗೆಲ್ಲುವುದಿಲ್ಲ ಅನ್ನುವುದಕ್ಕೆ ನೂರಕ್ಕೆ 91. ಎಲ್ಲ 32 ತಂಡಗಳೂ ಒಂದೇ ಸಮ ಇದ್ದಿದ್ದರೆ ಒಂದೊಂದಕ್ಕೂ ಮೂರು ಚಿಲ್ಲರೆ ಬರುತ್ತಿತ್ತು. ಹಾಗೆ ನೋಡಿದರೆ ಲಯನ್ಸ್‌ಗೆ ಸಾಧಾರಣ ತಂಡಕ್ಕಿಂತ ಮೂರು ಪಟ್ಟು ಬೆಲೆ ಕಟ್ಟಿದ್ದಾರೆ. ಮುಂಚೂಣಿಯಲ್ಲಿರುವ ಈಗಲ್ಸ್, ಬಿಲ್ಸ್, ರೇವನ್ಸ್ ಆಡ್ಸ್ +700ರ ಆಸುಪಾಸಿನಲ್ಲಿದೆ. ಅದೂ ಎಂಟರಲ್ಲಿ ಒಂದೇ. ‘ಫೇವರಿಟ್’ ಅಂದ ಕೂಡಲೇ ಗೆದ್ದೇಬಿಟ್ಟರು ಅಂದುಕೊಳ್ಳುವ ಅಭ್ಯಾಸ ನಮಗಿದೆ, ಅಲ್ವಾ? ಈ ಆಟದಲ್ಲಿ ಫೇವರಿಟ್ ಕೂಡ ಎಂಟು ವರ್ಷಕ್ಕೊಮ್ಮೆ ಗೆಲ್ಲುವವನು.

ಆ ಒಂಬತ್ತೂ ಪೂರ್ತಿ ಒಂಬತ್ತಲ್ಲ. ಎಲ್ಲ 32 ತಂಡಗಳ ಆಡ್ಸನ್ನೂ ಹೀಗೆ ಸಾಧ್ಯತೆಗೆ ತಿರುಗಿಸಿ ಕೂಡಿಸಿ ನೋಡಿ. ನೂರು ಬರಬೇಕು. ಬರುವುದಿಲ್ಲ. ಇಂಥ ದೂರದ ಬಾಜಿಗಳಲ್ಲಿ ಸುಮಾರು 120 ಬರುತ್ತದೆ, ಕೆಲವು ಕಡೆ ಇನ್ನೂ ಜಾಸ್ತಿ. ಆ ಮೇಲಿನ 20 ಬುಕ್ಕಿಯ ಪಾಲು. ಅದನ್ನು ತೆಗೆದರೆ ನಿಮ್ಮ ಒಂಬತ್ತು ಏಳೂವರೆಗೆ ಇಳಿಯುತ್ತದೆ. ಒಂದೇ ಪಂದ್ಯದ ಬಾಜಿಯಲ್ಲಿ ಬುಕ್ಕಿ ಇಷ್ಟು ಹಿಂಡುವುದಿಲ್ಲ. ಚಾಂಪಿಯನ್ ಯಾರು ಅನ್ನುವ ಬಾಜಿಯಲ್ಲಿ ಹಿಂಡುತ್ತಾನೆ, ಯಾಕೆಂದರೆ ಅದನ್ನು ಕಟ್ಟುವವರು ಹೆಚ್ಚಿನಂಶ ಅಭಿಮಾನಿಗಳು. ಅವರು ರೇಟ್ ನೋಡಿ ಕಟ್ಟುವುದಿಲ್ಲ, ಪ್ರೀತಿಗೆ ಕಟ್ಟುತ್ತಾರೆ. ಮಿಷಿಗನ್‌ನಲ್ಲಿ 2021ರ ಜನವರಿಯಿಂದ ಫೋನಿನಲ್ಲೇ ಕಾನೂನುಬದ್ಧವಾಗಿ ಬಾಜಿ ಕಟ್ಟಬಹುದು. ಅದರ ಮರುವರ್ಷದಿಂದ ಲಯನ್ಸ್ ಮೇಲಕ್ಕೆ ಬಂತು. 1957ರ ನಂತರ ಚಾಂಪಿಯನ್ ಆಗದ, ಒಮ್ಮೆಯೂ ಸೂಪರ್ ಬೌಲ್ ಮೈದಾನಕ್ಕೇ ಕಾಲಿಡದ ತಂಡ. ಜನ ಎಷ್ಟು ಆಸೆಯಿಂದ ದುಡ್ಡು ಸುರಿಯುತ್ತಾರೆ ಅಂತ ನೀವೇ ನೋಡುತ್ತಿದ್ದೀರಿ. ಅಂಥ ಕಡೆ ಬುಕ್ಕಿ ಧಾರಾಳವಾಗಿ ರೇಟ್ ಕೊಡೋಕೆ ಕಾರಣವೇ ಇಲ್ಲ.

ನನ್ನದೇ ಲೆಕ್ಕ ಹೇಳುತ್ತೇನೆ, ಒಪ್ಪದಿದ್ದರೆ ನಿಮ್ಮ ಸಂಖ್ಯೆ ಹಾಕಿಕೊಳ್ಳಿ. ಪ್ಲೇಆಫ್‌ಗೆ 14 ತಂಡ ಹೋಗುತ್ತವೆ, ಒಂದೊಂದು ಕಾನ್ಫರೆನ್ಸ್‌ನಿಂದ (ಲೀಗಿನ ಅರ್ಧ ಭಾಗದಿಂದ) ಏಳು. ಕಾನ್ಫರೆನ್ಸ್‌ನಲ್ಲಿ ಮೊದಲು ಬಂದವರಿಗೆ ಮಾತ್ರ ಮೊದಲ ಸುತ್ತಿನ ರಜೆ. ಅವರು ಮೂರು ಗೆದ್ದರೆ ಸಾಕು, ಉಳಿದವರು ನಾಲ್ಕು ಗೆಲ್ಲಬೇಕು. ಲಯನ್ಸ್ ಪ್ಲೇಆಫ್ ತಲುಪುವ ಸಾಧ್ಯತೆ ನೂರಕ್ಕೆ 65 ಅಂದುಕೊಳ್ಳೋಣ. ಅದರಲ್ಲಿ 12 ಭಾಗ ಮೊದಲ ಸ್ಥಾನದಿಂದ, 53 ಭಾಗ ಉಳಿದ ಸ್ಥಾನಗಳಿಂದ. ಮೊದಲ ಸ್ಥಾನ ಸಿಕ್ಕರೆ ಫೈನಲ್‌ವರೆಗೂ ಮನೆಯಂಗಳದಲ್ಲೇ ಆಟ, ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ 65 ಅನ್ನಿ. ಮೂರನ್ನೂ ಗೆಲ್ಲುವುದು ನೂರಕ್ಕೆ 27 ಆಗುತ್ತದೆ. ಅಂದರೆ ಎಲ್ಲ ಅನುಕೂಲ ಇದ್ದ ತಂಡವೂ ನಾಲ್ಕರಲ್ಲಿ ಮೂರು ಸಲ ಸೋಲುತ್ತದೆ. ಹೋದ ಜನವರಿಯಲ್ಲಿ ನಿಮಗಾಗಿದ್ದು ಅದೇ. ಉಳಿದ ಸ್ಥಾನದಿಂದ ಹೋದರೆ ಬೇರೆ ಊರುಗಳಲ್ಲಿ ಆಡಬೇಕಾಗಬಹುದು, ಪ್ರತಿ ಪಂದ್ಯಕ್ಕೆ 55 ಕೊಡೋಣ. ನಾಲ್ಕನ್ನೂ ಗೆಲ್ಲುವುದು ನೂರಕ್ಕೆ ಒಂಬತ್ತು. ಎರಡು ದಾರಿಯನ್ನೂ ಸೇರಿಸಿದರೆ ಒಟ್ಟು ನೂರಕ್ಕೆ ಎಂಟು.

ಎಂಟು ಅಂದರೆ ನಿಮ್ಮ ನೂರು ಡಾಲರ್ ಟಿಕೆಟ್‌ಗೆ ನಾನು ಕೊಡುವ ಬೆಲೆ 88 ಡಾಲರ್. ಉಳಿದ 12 ಕಟ್ಟಿದ ಕ್ಷಣವೇ ಹೋಯಿತು. ನನ್ನ ಲೆಕ್ಕಕ್ಕೆ ಸರಿಹೊಂದುವ ರೇಟ್ +1150. ನಿಮ್ಮ ಫೋನಿನಲ್ಲಿ ಒಂದೇ ಆ್ಯಪ್ ನೋಡಬೇಡಿ, ಅದೇ ತಂಡಕ್ಕೆ ಬೇರೆ ಆ್ಯಪ್‌ನಲ್ಲಿ ಬೇರೆ ರೇಟ್ ಇರುತ್ತದೆ. +1300 ಅಥವಾ +1400 ಸಿಕ್ಕರೆ ಮಾತು ಬೇರೆ. +1000ಕ್ಕೆ ನಾನು ಕಟ್ಟುವುದಿಲ್ಲ. ಸಿನಿಮಾ ಟಿಕೆಟ್ ಥರ ಖುಷಿಗೆ 12 ಡಾಲರ್ ಹೋಗಲಿ, ಐದು ತಿಂಗಳು ಮಜಾ ಇರುತ್ತದೆ ಅನ್ನಿಸಿದರೆ ಅದು ನಿಮ್ಮಿಷ್ಟ. ನೂರು ಹೋದರೂ ಮನೆಯಲ್ಲಿ ಮಾತು ಬರಬಾರದು, ಅಷ್ಟೇ.

ಈ ಲೆಕ್ಕಕ್ಕೆಲ್ಲ ಕಾಣದ ಇನ್ನೊಂದು ವಿಷಯ ಇದೆ. ಪ್ರೀಸೀಸನ್ ಸ್ಕೋರ್ ಲೆಕ್ಕಕ್ಕಿಲ್ಲ ಅಂದೆ, ಆದರೆ ಪ್ರೀಸೀಸನ್ ಗಾಯ ಲೆಕ್ಕಕ್ಕಿದೆ, ಅದೂ ಯಾವ ದಿಕ್ಕಿಗೆ ಅಂತ ಹೇಳೋಕಾಗದ ರೀತಿಯಲ್ಲಿ. 1999ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್‌ನ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಪ್ರೀಸೀಸನ್ ಪಂದ್ಯದಲ್ಲೇ ಮಂಡಿ ಮುರಿದುಕೊಂಡ. ಹಿಂದಿನ ವರ್ಷ ನಾಲ್ಕೇ ಗೆದ್ದಿದ್ದ ತಂಡ, ಆಡ್ಸ್ 150ಕ್ಕೆ 1. ಎಲ್ಲರೂ ಕಥೆ ಮುಗಿಯಿತು ಅಂದರು. ಅವನ ಜಾಗಕ್ಕೆ ಬಂದವನು ಕೆಲವು ವರ್ಷ ಹಿಂದೆ ಅಯೋವಾದ ದಿನಸಿ ಅಂಗಡಿಯಲ್ಲಿ ರಾತ್ರಿಪಾಳಿ ಮಾಡಿ ಸಾಮಾನು ಜೋಡಿಸುತ್ತಿದ್ದ ಕರ್ಟ್ ವಾರ್ನರ್. ಅದೇ ವರ್ಷ ರ‍್ಯಾಮ್ಸ್ ಸೂಪರ್ ಬೌಲ್ ಗೆದ್ದಿತು. 2017ರಲ್ಲಿ ಈಗಲ್ಸ್‌ನ ಕಾರ್ಸನ್ ವೆಂಟ್ಜ್ ಡಿಸೆಂಬರ್‌ನಲ್ಲಿ ಬಿದ್ದ, ಮೀಸಲು ಆಟಗಾರ ನಿಕ್ ಫೋಲ್ಸ್ ಬಂದು ಪೇಟ್ರಿಯಟ್ಸ್ ವಿರುದ್ಧ 41–33ಕ್ಕೆ ಕಪ್ ತಂದುಕೊಟ್ಟ. ಇದನ್ನು ಕೇಳಿ 150ಕ್ಕೆ 1ರ ತಂಡಗಳ ಮೇಲೆ ಕಟ್ಟೋಕೆ ಹೋಗಬೇಡಿ. ಅಂಥ ಬಾಲಂಗೋಚಿ ತಂಡಗಳ ಮೇಲೆಯೇ ಬುಕ್ಕಿ ಎಲ್ಲಕ್ಕಿಂತ ಜಾಸ್ತಿ ಹಿಂಡುವುದು.

ತೆರಿಗೆ ಮಾತು ಒಂದೇ ಸಾಲಿನಲ್ಲಿ. ಸೂಪರ್ ಬೌಲ್ ನಡೆಯುವುದು 2026ರ ಫೆಬ್ರವರಿ 8ಕ್ಕೆ, ಸಾಂಟಾ ಕ್ಲಾರಾದಲ್ಲಿ (ನಮ್ಮ ಬೇ ಏರಿಯಾ ಕನ್ನಡಿಗರ ಮನೆ ಬಾಗಿಲಲ್ಲೇ). ಗೆದ್ದರೆ ಅದು 2026ರ ಆದಾಯ, ಹೊಸ ಕಾನೂನಿನ ಪ್ರಕಾರ ಆ ವರ್ಷದಿಂದ ಬಾಜಿಯಲ್ಲಿ ಕಳೆದುಕೊಂಡ ದುಡ್ಡಿನ ಶೇಕಡಾ 90ನ್ನು ಮಾತ್ರ ಗೆದ್ದ ದುಡ್ಡಿನ ಎದುರು ತೋರಿಸಬಹುದು.

ಬಾಮೈದನ ಐದು ಸಾವಿರ ಬೇಡವೇ ಬೇಡ. ಇಲ್ಲಿ ನನ್ನ ಅಭಿಪ್ರಾಯದ ಪ್ರಶ್ನೆಯೇ ಇಲ್ಲ. ಅಮೆರಿಕದ ಲೈಸೆನ್ಸ್ ಇರುವ ಆ್ಯಪ್‌ಗಳು ಒಬ್ಬರ ಖಾತೆಯಲ್ಲಿ ಇನ್ನೊಬ್ಬರ ಪರವಾಗಿ ಕಟ್ಟುವುದನ್ನು ಒಪ್ಪುವುದಿಲ್ಲ, ಸಿಕ್ಕಿಬಿದ್ದರೆ ನಿಮ್ಮ ಖಾತೆಯೇ ಬಂದ್. ಭಾರತದ ವಿದೇಶಿ ವಿನಿಮಯ ನಿಯಮಗಳಲ್ಲಿ ಹೊರದೇಶಕ್ಕೆ ಯಾವುದಕ್ಕೆ ದುಡ್ಡು ಕಳಿಸಬಾರದು ಅಂತ ಒಂದು ಪಟ್ಟಿ ಇದೆ. ಲಾಟರಿ ಟಿಕೆಟ್ ಜೊತೆಗೆ ‘ಫುಟ್‌ಬಾಲ್ ಪೂಲ್’ ಅಂತಲೇ ಅದರಲ್ಲಿ ಬರೆದಿದೆ. ಅಲ್ಲೇ ಕೂತು ಯಾವುದೋ ಆ್ಯಪ್‌ನಲ್ಲಿ ಕಟ್ಟುತ್ತೇನೆ ಅಂದರೆ, ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ ಮೊನ್ನೆ ಆಗಸ್ಟ್ 22ಕ್ಕೆ ರಾಷ್ಟ್ರಪತಿ ಅಂಕಿತ ಬಿದ್ದಿದೆ. ಹೊರದೇಶದ ಆ್ಯಪ್‌ಗಳ ಸಹವಾಸ ಅಂತೂ ಬೇಡ. ಗೆದ್ದರೂ ದುಡ್ಡು ಕೈಗೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ, ದೂರು ಕೊಡೋಕೆ ಬಾಗಿಲೂ ಇಲ್ಲ.

ನೀವು ಅವಸರ ಮಾಡಬೇಕಾದ್ದೂ ಇಲ್ಲ. ಈ ಬಾಜಿ ಸೆಪ್ಟೆಂಬರ್‌ಗೆ ಮುಚ್ಚಿಹೋಗುವುದಿಲ್ಲ, ಅಕ್ಟೋಬರ್‌ನಲ್ಲೂ ಇರುತ್ತದೆ, ಡಿಸೆಂಬರ್‌ನಲ್ಲೂ ಇರುತ್ತದೆ. ಏಳನೇ ತಾರೀಕು ಗ್ರೀನ್ ಬೇ ಪಂದ್ಯ ನೋಡುವಾಗ ಚೆಂಡಿನ ಹಿಂದೆ ಹೋಗದೆ ಗಾಫ್ ಮುಂದಿನ ಮೂವರನ್ನು ನೋಡಿ. ಅವನಿಗೆ ಕಾಲೂರಿ ನಿಂತು ಎಸೆಯೋಕೆ ಸಮಯ ಸಿಗುತ್ತಿದೆಯಾ, ಇಲ್ಲ ಚೆಂಡು ಸಿಕ್ಕಿದ ಕೂಡಲೇ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದಾನಾ? ಅಲ್ಲಿ ಗೋಡೆ ನಿಂತಿದ್ದೂ ಪಂದ್ಯ ಸೋತರೆ, ಮಾರನೇ ದಿನ ರೇಟ್ ಏರಿರುತ್ತದೆ. ಆಗ ಮತ್ತೆ ಲೆಕ್ಕ ಹಾಕಿ. ಗೋಡೆ ಬಿದ್ದಿದ್ದರೆ, ಗೆದ್ದಿದ್ದರೂ, ನೂರು ಡಾಲರ್ ಜೇಬಿನಲ್ಲೇ ಇರಲಿ.